ಲಕ್ಕಮ್ಮನ ವಚನವೂ ಹೊಸ ಹಾಡಿನ ಕಲಿಕೆಯೂ

ವಚನವು ಮೂಲತಃ ನುಡಿ. ಅದಕ್ಕೆ ಕಂದಪದ್ಯದ ಮಾತ್ರೆಯ ಕಟ್ಟಿಲ್ಲ, ಷಟ್ಪದಿಯ ಗಣದ ಲೆಕ್ಕವಿಲ್ಲ, ಕೀರ್ತನೆಯ ಹಾಗೆ ಪಲ್ಲವಿ ಅನುಪಲ್ಲವಿಗಳ ವಿಭಾಗವೂ ಇಲ್ಲ. ತಾಳದ ಅಳತೆಯನ್ನಾಗಲಿ ಛಂದಸ್ಸಿನ ಗಣಗಳನ್ನಾಗಲಿ ತಾನು ಬಲ್ಲವನಲ್ಲವೆಂದೂ, ಒಲವು ನಡೆಸಿದಂತೆ ಹಾಡುವವನೆಂದೂ ಅಣ್ಣ ಬಸವಣ್ಣನವರು ತಮ್ಮ ಒಂದು ವಚನದಲ್ಲಿ ಹೇಳಿಕೊಂಡಿರುವುದು ಶರಣಬಂಧುಗಳಿಗೆ ತಿಳಿದ ಸಂಗತಿಯೇ. ಮತ್ತೊಂದು ವಚನದಲ್ಲಿ ಅವರು ತಮ್ಮ ದೇಹವನ್ನೇ ವಾದ್ಯವಾಗಿ ಮಾಡಿ ನುಡಿಸಿಕೊಳ್ಳೆಂದು ಕೂಡಲಸಂಗಮನನ್ನು ಬೇಡುತ್ತಾರೆ. ಹಾಡಿನ ಶಾಸ್ತ್ರವನ್ನು ಅರಿಯೆನೆಂದವರೇ ಹಾಡಿಗೆ ಒಡಲನ್ನೊಪ್ಪಿಸುವ ಈ ಪರಿಯಲ್ಲಿ ವಚನಗಾಯನದ ಎಲ್ಲ ಕಷ್ಟವೂ ಎಲ್ಲ ಸುಖವೂ ಅಡಗಿವೆ.

ಫ.ಗು. ಹಳಕಟ್ಟಿಯವರು 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿದರು. ಓಲೆಗರಿಗಳಲ್ಲಿದ್ದ ವಚನಗಳು ಅಚ್ಚಿನ ಪುಟಕ್ಕೆ ಬಂದು ಜನರ ಕಣ್ಣಿಗೆ ಬಿದ್ದವು. ಆದರೆ ಅವು ಜನರ ಕಿವಿಗೆ ಬಿದ್ದದ್ದು ಗವಾಯಿಗಳ ಕಂಠದಿಂದ. ಗದಗಿನ ಪಂಚಾಕ್ಷರಿ ಗವಾಯಿಗಳು, ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು, ಬಸವರಾಜ ರಾಜಗುರುಗಳು, ಸಿದ್ಧರಾಮ ಜಂಬಲದಿನ್ನಿಯವರು, ಮಲ್ಲಿಕಾರ್ಜುನ ಮನಸೂರರು, ಇವರೆಲ್ಲರ ದನಿಯಲ್ಲಿ ಕೇಳಿದ ವಚನಗಳು ಇಂದಿಗೂ ಅದೇ ರಾಗದಲ್ಲಿ ನಮ್ಮ ನಾಲಗೆಯ ಮೇಲೆ ಬರುತ್ತವೆ. ಹಾಡಿ ರೂಢಿಯಾದ ವಚನಕ್ಕೆ ದಾರಿ ಇದೆ. ಯಾರೂ ಹಾಡದೆ ಬಿಟ್ಟ ವಚನವನ್ನು ಹಾಡಲು ಹೊರಟವರಿಗೆ ಮಾತ್ರ ದಾರಿಯನ್ನು ಕಾಲಿನಿಂದಲೇ ಮಾಡಿಕೊಳ್ಳಬೇಕಾಗುತ್ತದೆ. ಅಂತಹ ದಾರಿಯೊಂದನ್ನು ತುಳಿದ ತಾಯಿಯೊಬ್ಬರ ವೃತ್ತಾಂತವಿದು.

ಧಾರವಾಡ ಸೀಮೆಯ ಒಂದು ಮಠದಲ್ಲಿ ಸುಮಾರು ಮೂವತ್ತು ವರ್ಷಗಳಿಂದ ಶಿವಾನುಭವ ಗೋಷ್ಠಿಗೆ ಮೊದಲು ವಚನ ಹಾಡುತ್ತ ಬಂದವರು ಅವರು. ವಯಸ್ಸು ಅರವತ್ತೊಂದು. ಅವರ ಪತಿ ಕನ್ನಡ ಶಾಲೆಯ ಮಾಸ್ತರಾಗಿ ನಿವೃತ್ತರಾದವರು; ಅಂದಿನಿಂದ ಇಂದಿನವರೆಗೆ ಪತ್ನಿಯ ಹಾಡಿಗೆ ಪೇಟಿ ನುಡಿಸುವವರು ಅವರೇ. ಮಠದ ಭಕ್ತರು ಈ ಇಬ್ಬರನ್ನೂ ಬೇರೆಬೇರೆಯಾಗಿ ಕಂಡದ್ದೇ ಕಡಿಮೆ. ತಾಯಿಗೆ ವಚನ ಕಲಿಸಿದ ಗುರುಗಳು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ವಿದ್ಯೆ ಪಡೆದ ಅಂಧ ಗವಾಯಿಗಳು. ಅವರು ಒಂದೊಂದು ವಚನಕ್ಕೂ ತಿಂಗಳುಗಟ್ಟಲೆ ಕೂಡಿಸಿ, ಬಾಯಿಂದ ಬಾಯಿಗೆ ಕಲಿಸಿದರು. ಹೀಗೆ ಹನ್ನೊಂದು ವಚನಗಳಾದ ಮೇಲೆ ಗುರುಗಳು ಲಿಂಗೈಕ್ಯರಾದರು. ಹನ್ನೆರಡನೆಯದನ್ನು ಕಲಿಯಲು ತಾಯಿಗೆ ಮನಸ್ಸಾಗಲಿಲ್ಲ. ಗುರು ಕೊಟ್ಟದ್ದು ಇಷ್ಟು, ಇದನ್ನೇ ಕೆಡದಂತೆ ಉಳಿಸಿಕೊಂಡರೆ ಸಾಕೆಂಬ ಭಾವ ಅವರಲ್ಲಿ ಬೇರೂರಿತು. ಹನ್ನೊಂದು ವಚನಗಳಲ್ಲಿಯೇ ಮೂವತ್ತು ವರ್ಷಗಳ ಶ್ರಾವಣಗಳು, ಬಸವ ಜಯಂತಿಗಳು, ಜಾತ್ರೆಗಳು ಕಳೆದವು.

ಕಳೆದ ಶ್ರಾವಣಕ್ಕೆ ಮುಂಚೆ ಮಠದ ಪೂಜ್ಯರು ಅವರನ್ನು ಕರೆಸಿ, "ತಾಯಿ, ಈ ಸಲ ಕಡೀ ಸೋಮವಾರ ಆಯ್ದಕ್ಕಿ ಲಕ್ಕಮ್ಮನ ವಚನದ ಮ್ಯಾಲೆ ಪ್ರವಚನ ಐತಿ. ಅದೇ ವಚನ ನೀವು ಹಾಡಬೇಕು" ಎಂದು ಅಪ್ಪಣೆ ಕೊಡಿಸಿದರು.

"ಅಪ್ಪಾರ, ಹೊಸಾದು ಕಲಿಯೂ ವಯಸ್ಸೇನ್ರಿ ನಂದು? ನನ್ನ ಹನ್ನೊಂದರಾಗ ಯಾವುದರ ಒಂದು ಹೇಳ್ರಿ, ಹಾಡತೇನಿ" ಎಂದು ತಾಯಿ ಕೈಮುಗಿದರು.

ಪೂಜ್ಯರು ನಕ್ಕು, "ಲಕ್ಕಮ್ಮನ ಮಾತು ಲಕ್ಕಮ್ಮನ ಕಡಿಂದನ ಕೇಳಬೇಕವ್ವ. ಬ್ಯಾರೆದವರ ವಚನ ಹಾಡಿದರ ಹ್ಯಾಂಗ?" ಎಂದರು. ಆ ಮಾತಿಗೆ ಎದುರಾಡುವ ಬಗೆ ಇರಲಿಲ್ಲ.

ತಾಯಿಯ ಅಂಜಿಕೆಗೆ ವಯಸ್ಸೊಂದೇ ಕಾರಣವಾಗಿರಲಿಲ್ಲ. ಮೂರು ನಾಲ್ಕು ವರ್ಷಗಳಿಂದ ಅವರ ಕಂಠ ಮೇಲಿನ ಸ್ವರಗಳಲ್ಲಿ ಒಡೆಯುತ್ತಿತ್ತು. ತಾರಷಡ್ಜವನ್ನು ಮುಟ್ಟಿ ಅದರಾಚೆಗೆ ಹೋಗಬೇಕಾದಾಗ ದನಿಯಲ್ಲಿ ಒಂದು ಸೀಳು ಬರುತ್ತಿತ್ತು. ಹಳೆಯ ಹನ್ನೊಂದು ವಚನಗಳಲ್ಲಿ ಆ ಸೀಳು ಎಲ್ಲಿ ಬರುತ್ತದೆಂಬುದು ಅವರಿಗೆ ಗೊತ್ತಿತ್ತು. ಅಲ್ಲಿ ಒಂದು ಮುರ್ಕಿಯನ್ನೋ ಸಣ್ಣ ತಾನನ್ನೋ ಇಟ್ಟು ದಾಟಿಬಿಡುತ್ತಿದ್ದರು. ಕೇಳುವವರಿಗೆ ಅದು ಅಲಂಕಾರವಾಗಿ ಕೇಳಿಸುತ್ತಿತ್ತು. ಹೊಸ ಹಾಡಿನಲ್ಲಿ ಅಂತಹ ಅಡಗುತಾಣಗಳು ಎಲ್ಲಿವೆಯೆಂದು ಯಾರಿಗೆ ಗೊತ್ತು? ರೂಢಿಯ ಹಾಡು ಹಾಡುಗಾರನ ದೋಷವನ್ನು ಮುಚ್ಚುತ್ತದೆ, ಹೊಸ ಹಾಡು ಅದನ್ನು ಬಯಲಿಗೆ ತರುತ್ತದೆ.

ಈ ಸಂದರ್ಭದಲ್ಲಿ ಮಲ್ಲಿಕಾರ್ಜುನ ಮನಸೂರರ ಜೀವನದ ಒಂದು ಸಂಗತಿಯನ್ನು ನೆನೆಯಬೇಕು. ಧಾರವಾಡದ ಸಮೀಪದ ಮನಸೂರ ಗ್ರಾಮದಲ್ಲಿ 1910ರಲ್ಲಿ ಜನಿಸಿದ ಅವರು ಗ್ವಾಲಿಯರ್ ಪರಂಪರೆಯ ನೀಲಕಂಠಬುವಾ ಮಿರಜಕರರಲ್ಲಿ ಕಲಿತು, ಗಾಯಕರೆಂದು ಹೆಸರು ಗಳಿಸಿ, ಧ್ವನಿಮುದ್ರಿಕೆಗಳನ್ನು ಕೊಟ್ಟಿದ್ದರು. ಅಷ್ಟಾದ ಮೇಲೆ ಅವರು ಜೈಪುರ ಘರಾಣೆಯ ಅಲ್ಲಾದಿಯಾ ಖಾನರ ಮಗ ಮಂಜಿಖಾನರ ಮುಂದೆ ಮತ್ತೆ ಶಿಷ್ಯರಾಗಿ ಕುಳಿತರು. ಮಂಜಿಖಾನರು ಅಕಾಲದಲ್ಲಿ ತೀರಿಕೊಂಡಾಗ ಅವರ ತಮ್ಮ ಭುರ್ಜಿಖಾನರಲ್ಲಿ ಕಲಿಕೆಯನ್ನು ಮುಂದುವರಿಸಿದರು. ಜನ ಮೆಚ್ಚಿದ ದನಿಯನ್ನು ಬದಿಗಿಟ್ಟು, ಹೊಸ ಪದ್ಧತಿಯನ್ನು ಮೊದಲಿನಿಂದ ಕಲಿಯುವುದು ಸುಲಭದ ಮಾತಲ್ಲ. ಕಲಿಯದವನಿಗೆ ಕಲಿಯುವುದು ಕಷ್ಟ. ಕಲಿತವನಿಗೆ ಮತ್ತೆ ಕಲಿಯುವುದು ಇನ್ನೂ ಕಷ್ಟ. ತನಗೆ ಬರುತ್ತದೆಂಬ ಭಾವವೇ ಅಲ್ಲಿ ಅಡ್ಡಗೋಡೆಯಾಗಿ ನಿಲ್ಲುತ್ತದೆ. ತಾಯಿಯ ಗುರುಗಳು ಈ ಸಂಗತಿಯನ್ನು ಎಷ್ಟೋ ಸಲ ಹೇಳಿದ್ದರು. ಅದರ ಅರ್ಥ ಅವರಿಗೆ ಆದದ್ದು ಈಗ.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳು ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯ ಅಮರೇಶ್ವರದವರು. ಕಲ್ಯಾಣಕ್ಕೆ ಬಂದು, ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ಜಂಗಮದಾಸೋಹ ನಡೆಸುತ್ತಿದ್ದರು. ಒಂದು ದಿನ ಮಾರಯ್ಯ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನೆಂದೂ, ಲಕ್ಕಮ್ಮ ಅದನ್ನು ಕಂಡು, ಈ ಹೆಚ್ಚಿನದು ನಮ್ಮದಲ್ಲ, ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿ ಎಂದಳೆಂದೂ ಪ್ರತೀತಿ. ಶೂನ್ಯಸಂಪಾದನೆಯಲ್ಲಿ ಈ ದಂಪತಿಗಳ ಪ್ರಸಂಗ ವಿಸ್ತಾರವಾಗಿ ಬರುತ್ತದೆ. ಗಮನಿಸಬೇಕಾದ ಮಾತೆಂದರೆ, ಮಾರಯ್ಯ ಕದ್ದು ತಂದವನಲ್ಲ. ನೆಲದ ಮೇಲೆ ಬಿದ್ದದ್ದನ್ನೇ ಆಯ್ದವನು. ಒಂದು ಹಿಡಿ ಹೆಚ್ಚಾದರೆ ದಾಸೋಹಕ್ಕೆ ಒದಗೀತೆಂಬ ಸದ್ಭಾವವೇ ಅವನದಾಗಿದ್ದೀತು. ಆದರೂ ಲಕ್ಕಮ್ಮ ಒಪ್ಪಲಿಲ್ಲ. ಕೆಟ್ಟ ಮನಸ್ಸಿನಿಂದ ಬಂದ ಹೆಚ್ಚಳವನ್ನು ನಿರಾಕರಿಸುವುದು ಸುಲಭ. ಒಳ್ಳೆಯ ಮನಸ್ಸಿನಿಂದ ಬಂದ ಹೆಚ್ಚಳವನ್ನು ಗುರುತಿಸುವುದೇ ಕಠಿಣ.

ಪೂಜ್ಯರು ಕೊಟ್ಟ ವಚನದ ರಚನೆ ಬಹಳ ಚಿಕ್ಕದು. ಮೊದಲು ಎರಡು ಪ್ರಶ್ನೆಗಳು: ಒಂದು ಆಸೆಯ ಕುರಿತು, ಇನ್ನೊಂದು ರೋಷದ ಕುರಿತು. ಆಸೆ ಆಳುವ ದೊರೆಗೆ ತಕ್ಕುದು, ರೋಷ ಯಮನ ದೂತರಿಗೆ ತಕ್ಕುದು. ಶರಣರ ಬಳಿ ಅವಕ್ಕೇನು ಕೆಲಸವೆಂಬುದು ಅವುಗಳ ತಾತ್ಪರ್ಯ. ಬಳಿಕ ನೇರವಾಗಿ ಪತಿಗೆ ಹಾಕಿದ ಮೂರನೆಯ ಪ್ರಶ್ನೆ, ಅಕ್ಕಿಯದು. ಅದರ ಬೆನ್ನಿಗೆ ಈಶ್ವರನಿಗೆ ಇದು ಸಮ್ಮತವಲ್ಲವೆಂಬ ಒಂದು ಪುಟ್ಟ ತೀರ್ಪು. ಕೊನೆಗೆ 'ಮಾರಯ್ಯಪ್ರಿಯ ಅಮರೇಶ್ವರಲಿಂಗ' ಎಂಬ ಅಂಕಿತ. ಸಾಮಾನ್ಯವಾಗಿ ಅಂಕಿತ ಬಂದಲ್ಲಿ ವಚನ ಮುಗಿಯಬೇಕು. ಇಲ್ಲಿ ಮುಗಿಯುವುದಿಲ್ಲ. ಆ ಲಿಂಗಕ್ಕೆ ನೀನು ದೂರವಾದೆ ಎಂಬ ಭಾವದಲ್ಲಿ, ಮಾತು ದೇವರಿಂದ ಮತ್ತೆ ಗಂಡನ ಕಡೆಗೆ ತಿರುಗಿ, ಅವನ ಹೆಸರನ್ನು ಕರೆದು ನಿಲ್ಲುತ್ತದೆ.

ತಾಯಿ ಮೊದಲ ವಾರ ರಾಗದ ತಂಟೆಗೆ ಹೋಗಲಿಲ್ಲ. ಗುರುಗಳ ಪದ್ಧತಿ ಹಾಗೆಯೇ ಇತ್ತು: ಮೊದಲು ನುಡಿ ನಾಲಗೆಗೆ ಹತ್ತಬೇಕು, ಆಮೇಲೆ ಸ್ವರ. ನೋಟುಬುಕ್ಕಿನಲ್ಲಿ ವಚನವನ್ನು ತಮ್ಮ ಕೈಯಿಂದ ಬರೆದುಕೊಂಡು, ಅಡಿಗೆಯ ಮನೆಯಲ್ಲಿ ಒಲೆಯ ಮುಂದೆ ನಿಂತಾಗ, ಅಂಗಳ ಗುಡಿಸುವಾಗ ಮಾತಿನ ಹಾಗೆಯೇ ಆಡಿಕೊಂಡರು. ಎಲ್ಲಿ ಉಸಿರು ತೆಗೆದುಕೊಂಡರೆ ಅರ್ಥ ಒಡೆಯುವುದಿಲ್ಲವೆಂದು ನೋಡಿಕೊಂಡರು. ಆಸೆಯ 'ಸ'ಕಾರವೂ ರೋಷದ 'ಷ'ಕಾರವೂ ಒಂದೇ ಆಗಿ ಕೇಳದಂತೆ ಎಚ್ಚರ ವಹಿಸಿದರು. ಅವೆರಡೂ ಹಾಡಿನಲ್ಲಿ ಒಂದೇ ಸ್ಥಾನದಲ್ಲಿ ಬರುವುದರಿಂದ, ನಾಲಗೆ ಸೋಮಾರಿಯಾದರೆ ವಚನದ ಅಂದವೇ ಹೋಗುತ್ತದೆ.

ಇನ್ನೊಂದು ತೊಡಕನ್ನು ಪೂಜ್ಯರೇ ಬಿಡಿಸಿ ಹೇಳಿದರು. ಹಳೆಯ ಕನ್ನಡದಲ್ಲಿ ನಿಷೇಧವನ್ನು ಹೇಳಲು 'ಇಲ್ಲ' ಎಂಬ ಪದ ಬೇಕಾಗಿಲ್ಲ. ಮಾಡ ಎಂದರೆ ಮಾಡುವುದಿಲ್ಲ, ಬಾರ ಎಂದರೆ ಬರುವುದಿಲ್ಲ, ಕೊಡ ಎಂದರೆ ಕೊಡುವುದಿಲ್ಲ. ನಿರಾಕರಣೆಯೆಲ್ಲ ಕ್ರಿಯಾಪದದ ಕೊನೆಯ ಒಂದು ಅಕಾರದಲ್ಲಿದೆ. ಈ ವಚನದ ತೀರ್ಪೂ ಅಂತಹದೇ. ಹಾಡುವವರು ಆ ಕೊನೆಯ ಅಕ್ಷರವನ್ನು ಎಳೆದು, ಬಳುಕಿಸಿ, ಸ್ವರದಲ್ಲಿ ಕರಗಿಸಿಬಿಟ್ಟರೆ ಈಶ್ವರ ಒಪ್ಪಿದನೋ ಬಿಟ್ಟನೋ ಕೇಳುವವರಿಗೆ ತಿಳಿಯುವುದೇ ಇಲ್ಲ. "ಅಲ್ಲಿ ನಿಲ್ಲಬೇಕವ್ವ. ತೀರ್ಪು ಹೇಳಿದ ಮ್ಯಾಲೆ ನ್ಯಾಯಾಧೀಶ ಮತ್ತ ಮಾತಾಡೂದಿಲ್ಲ" ಎಂದರು ಪೂಜ್ಯರು.

ಎರಡನೆಯ ವಾರ ತಾಯಿ ವಚನವನ್ನು ಭೈರವಿಯಲ್ಲಿ ಕೂಡಿಸಿದರು. ಅವರ ಹನ್ನೊಂದರಲ್ಲಿ ನಾಲ್ಕು ಭೈರವಿಯವೇ ಆಗಿದ್ದರಿಂದ ಬೆರಳಿಗೂ ಕಂಠಕ್ಕೂ ಅದು ಒಗ್ಗಿದ ರಾಗ. ತಾಳ ಎಂಟು ಮಾತ್ರೆಯ ಕೆಹರವಾ. ಪತಿ ಪೇಟಿ ಹಿಡಿದರು, ಪಕ್ಕದ ಓಣಿಯ ಹುಡುಗ ತಬಲಾ ತಂದ. ಹಾಡು ಸಿದ್ಧವಾದಂತೆಯೇ ಇತ್ತು. ಆದರೆ ಏನೋ ಹೊಂದುತ್ತಿರಲಿಲ್ಲ. ಮೊದಲ ಎರಡು ಪ್ರಶ್ನೆಗಳು ಉದ್ದವಾಗಿ ತಾಳವನ್ನು ಮೀರುತ್ತಿದ್ದವು. ತೀರ್ಪಿನ ಮಾತು ತೀರ ಚಿಕ್ಕದಾಗಿ ಆವರ್ತನವನ್ನು ತುಂಬುತ್ತಿರಲಿಲ್ಲ. ಆವರ್ತನ ತುಂಬಲೆಂದು ಈಶ್ವರನ ಹೆಸರನ್ನು ಎಳೆದರೆ ಪೂಜ್ಯರು ಎಚ್ಚರಿಸಿದ ತಪ್ಪೇ ಆಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಭೈರವಿಯ ಕೋಮಲ ಸ್ವರಗಳಲ್ಲಿ ಲಕ್ಕಮ್ಮ ಬೇಡಿಕೊಳ್ಳುತ್ತಿರುವಂತೆ, ಅಳುತ್ತಿರುವಂತೆ ಕೇಳಿಸುತ್ತಿತ್ತು.

"ಈಕಿ ಅಳಾಕತ್ತಿಲ್ಲರೀ" ಎಂದರು ತಾಯಿ ಒಂದು ದಿನ, ನಡುವೆಯೇ ಹಾಡು ನಿಲ್ಲಿಸಿ. "ಗಂಡ ಮನಿಗೆ ಬಂದಾನ. ಕೈಯಾಗಿನ ಗಂಟು ನೋಡ್ಯಾಳ. ಕೇಳಾಕತ್ತಾಳ, ಅಷ್ಟ."

ಹಾಗಾದರೆ ಲಕ್ಕಮ್ಮ ಯಾವ ದನಿಯಲ್ಲಿ ಕೇಳಿದಳು? ಈ ಪ್ರಶ್ನೆ ತಾಯಿಯನ್ನು ಹಲವು ದಿನ ಕಾಡಿತು. ಕಾಯಕ ಮುಗಿಸಿ ಗಂಡ ಮನೆಗೆ ಬರುವ ಹೊತ್ತು ಮಧ್ಯಾಹ್ನವಿದ್ದೀತೆಂದು ಅವರು ಕಲ್ಪಿಸಿಕೊಂಡರು. ಒಲೆ ಹೊತ್ತಿಸಿದೆ, ಎಸರು ಇಟ್ಟಿದೆ, ಅಕ್ಕಿಗಾಗಿ ಕಾದಿದೆ. ಮಧ್ಯಾಹ್ನದ ರಾಗವೆಂದಾಗ ಬೃಂದಾವನಿ ಸಾರಂಗ ನೆನಪಾಯಿತು. ಗಾಂಧಾರವೂ ಇಲ್ಲ, ಧೈವತವೂ ಇಲ್ಲ. ಷಡ್ಜ, ರಿಷಭ, ಮಧ್ಯಮ, ಪಂಚಮ, ನಿಷಾದ, ಐದೇ ಸ್ವರಗಳು. ನಿಷಾದ ಮಾತ್ರ ಏರುವಾಗ ಶುದ್ಧ, ಇಳಿಯುವಾಗ ಕೋಮಲ. ರಿಷಭದ ಮೇಲೆ ನಿಂತರೆ ಅಂಗಳದ ಬಿಸಿಲಿನ ಹಾಗೆ ನೆಟ್ಟಗೆ, ನಿಚ್ಚಳವಾಗಿ ನಿಲ್ಲುವ ರಾಗವದು. ಸ್ವರಗಳು ಕಡಿಮೆಯಾದ ಕೂಡಲೇ ಮಾತು ಮುಂದೆ ಬಂತು. ಎರಡು ಪ್ರಶ್ನೆಗಳನ್ನು ತಾಳವಿಲ್ಲದೆ, ತಂಬೂರಿಯ ಶ್ರುತಿಯೊಂದರ ಮೇಲೆಯೇ ಹೇಳುವುದೆಂದೂ, ಅಕ್ಕಿಯ ಪ್ರಶ್ನೆಗೆ ತಬಲಾ ಬರಬೇಕೆಂದೂ, ತೀರ್ಪಿಗೆ ತಬಲಾ ಮತ್ತೆ ನಿಲ್ಲಬೇಕೆಂದೂ ಗೊತ್ತುಮಾಡಿದರು. ಶ್ರುತಿಯನ್ನೂ ಕಾಳಿ ಐದರಿಂದ ಕಾಳಿ ನಾಲ್ಕಕ್ಕೆ ಇಳಿಸಿದರು. ಮೂವತ್ತು ವರ್ಷ ಹಿಡಿದಿದ್ದ ಶ್ರುತಿಯನ್ನು ಬಿಟ್ಟುಕೊಟ್ಟ ದಿನ ಅವರು ಯಾರೊಡನೆಯೂ ಹೆಚ್ಚು ಮಾತನಾಡಲಿಲ್ಲ.

ಮೂರನೆಯ ವಾರದ ಕೊನೆಗೆ ಸೊಸೆ ತನ್ನ ಮೊಬೈಲಿನಲ್ಲಿ ಅವರ ಅಭ್ಯಾಸವನ್ನು ಮುದ್ರಿಸಿಕೊಂಡು ಕೇಳಿಸಿದಳು. ತಾಯಿ ತಮ್ಮ ದನಿಯನ್ನು ಹೊರಗಿನವರಂತೆ ಕುಳಿತು ಕೇಳಿದ್ದು ಅದೇ ಮೊದಲು. ಕೇಳುತ್ತ ಹೋದಂತೆ ಅವರಿಗೆ ಒಂದು ಸಂಗತಿ ಹೊಳೆಯಿತು. ದನಿ ಎಲ್ಲೆಲ್ಲಿ ನಡುಗುವುದೋ ಅಲ್ಲಲ್ಲಿ ಪೇಟಿಯ ಸದ್ದು ಏರುತ್ತಿತ್ತು. ದನಿ ಸೀಳುವ ಮುನ್ನವೇ ಪೇಟಿ ಆ ಸ್ವರವನ್ನು ತುಂಬಿ ಹಿಡಿಯುತ್ತಿತ್ತು, ಸೀಳು ದಾಟಿದ ಮೇಲೆ ಮೆಲ್ಲಗೆ ಇಳಿಯುತ್ತಿತ್ತು. ಒಂದು ಸಲವಲ್ಲ, ಎಲ್ಲ ಸಲವೂ ಹೀಗೆಯೇ. ಹಳೆಯ ಹನ್ನೊಂದು ವಚನಗಳಲ್ಲಿಯೂ ಮೂರು ನಾಲ್ಕು ವರ್ಷಗಳಿಂದ ಹೀಗೆಯೇ ನಡೆದಿರಬೇಕೆಂದು ಅವರಿಗೆ ಅರಿವಾಯಿತು. ಗೋಷ್ಠಿಯಲ್ಲಿ ಜನ ಮೆಚ್ಚಿ ತಲೆದೂಗಿದ್ದು ಯಾವುದಕ್ಕೆ? ತಮ್ಮ ಕಂಠಕ್ಕೋ, ಪತಿಯ ಕೈಗೋ?

ಅಂದು ರಾತ್ರಿ ಅವರು ಪತಿಯನ್ನು ಕೇಳಿದರು.

"ನನ್ನ ದನಿ ಒಡೀತೈತಿ ಅಂತ ನಿಮಗ ಎಂದಿನಿಂದ ಗೊತ್ತೈತ್ರಿ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲಿಂದ ಗೊತ್ತೈತಿ" ಎಂದರು.

"ಹೇಳಲಿಲ್ಲ ನೀವು."

"ಹೇಳಿದರ ನೀ ಹಾಡೂದ ಬಿಡತಿದ್ದಿ. ನೀ ಹಾಡೂದು ಬಿಟ್ಟರ ನಾ ಏನ ಮಾಡಲಿ?"

ಆ ಉತ್ತರದ ಮುಂದೆ ತಾಯಿಗೆ ಮಾತು ಹೊರಡಲಿಲ್ಲ. ಮೂವತ್ತು ವರ್ಷಗಳ ಸಂಗಾತ ಆ ಒಂದು ಮಾತಿನಲ್ಲಿತ್ತು. ಪ್ರೀತಿಯಿಂದ ಒಂದಿಷ್ಟು ಹೆಚ್ಚು ನುಡಿಸಿ, ಅದರ ಕೆಳಗೆ ಹೆಂಡತಿಯ ಮಾನವನ್ನು ಕಾಪಾಡಿಕೊಂಡು ಬಂದಿದ್ದರು. ಅದು ಮಾರಯ್ಯನ ಗಂಟೇ ಆಗಿತ್ತು. ಅದರಲ್ಲಿ ಕಪಟವಿರಲಿಲ್ಲ, ಕಳವಿರಲಿಲ್ಲ. ಬೇಕಾದದ್ದಕ್ಕಿಂತ ಒಂದು ಹಿಡಿ ಹೆಚ್ಚಿತ್ತು, ಅಷ್ಟೇ. ಅಲ್ಲಿಯವರೆಗೆ ತಾಯಿ ಆ ವಚನವನ್ನು ಲಕ್ಕಮ್ಮನ ಪಕ್ಕದಲ್ಲಿ ನಿಂತು ಹಾಡುತ್ತಿದ್ದರು. ಅಕ್ಕಿ ತಂದವನ ಮುಖ ಅವರಿಗೆ ಕಂಡಿರಲಿಲ್ಲ. ಅಂದು ಕಂಡಿತು. ಮಾರಯ್ಯನ ಮನಸ್ಸಿಗೆ ನೋವಾಗುವುದೆಂದು ತಿಳಿದೂ ಲಕ್ಕಮ್ಮ ಆ ಮಾತನ್ನು ಆಡಿದಳೆಂಬುದು ಹೊಳೆದಾಗಲೇ ಆ ವಚನ ನಿಜವಾಗಿ ಅವರಿಗೆ ಅರ್ಥವಾದದ್ದು.

ಮರುದಿನ ಬೆಳಗ್ಗೆ ಅಭ್ಯಾಸಕ್ಕೆ ಕುಳಿತಾಗ ತಾಯಿ ಹೇಳಿದರು: "ಈ ವಚನಕ್ಕ ಪೇಟಿ ಬ್ಯಾಡ್ರಿ. ಶ್ರುತಿ ಅಷ್ಟ ಇರಲಿ. ಒಡೆದರ ಒಡೀಲಿ."

ಪತಿ ಪೇಟಿಯ ಮುಚ್ಚಳವನ್ನು ಮುಚ್ಚಿದರು. ಅವರ ಮುಖ ಬಾಡಿದ್ದನ್ನು ತಾಯಿ ಕಂಡರು. ಕಂಡೂ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರು ಎದ್ದುಹೋಗಿ, ಗುರುಗಳ ಕಾಲದ ಹಳೆಯ ತಂಬೂರಿಯನ್ನು ಗವಸಣಿಗೆಯಿಂದ ಹೊರತೆಗೆದು, ಧೂಳು ಒರೆಸಿ, ಶ್ರುತಿ ಮಾಡಲು ಕುಳಿತರು. ಯಂತ್ರದ ತಂಬೂರಿ ಬಂದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ತಂತಿಗಳು ಶ್ರುತಿಗೆ ಬರಲು ಅರ್ಧ ತಾಸು ಹಿಡಿಯಿತು. ಆ ಅರ್ಧ ತಾಸು ತಾಯಿ ಕಾದು ಕುಳಿತರು.

ಶ್ರಾವಣದ ಕಡೆಯ ಸೋಮವಾರ ಮಠದ ಅಂಗಳ ತುಂಬಿತ್ತು. ತಾಯಿಯ ಬಲಕ್ಕೆ ಎಂದಿನಂತೆ ಪೇಟಿ ಕಾಣದಿದ್ದುದನ್ನು ನೋಡಿ ಮುಂದಿನ ಸಾಲಿನ ಕೆಲವರು ಪಿಸುಮಾತನಾಡಿದರು. ಹಿಂದೆ ಪತಿ ತಂಬೂರಿ ಹಿಡಿದು ಕುಳಿತಿದ್ದರು. ಮೊದಲ ಪ್ರಶ್ನೆ ಸರಾಗವಾಗಿ ಬಂತು. ಎರಡನೆಯ ಪ್ರಶ್ನೆಯಲ್ಲಿ, ತಾರಷಡ್ಜವನ್ನು ಮುಟ್ಟುವಲ್ಲಿ, ದನಿ ಒಡೆಯಿತು. ಸ್ಪಷ್ಟವಾಗಿ, ಎಲ್ಲರಿಗೂ ಕೇಳುವಂತೆ ಒಡೆಯಿತು. ತಾಯಿ ಅದರ ಮೇಲೆ ಮುರ್ಕಿಯನ್ನು ಹೊದಿಸಲಿಲ್ಲ. ಒಡೆದ ಸ್ವರದಿಂದಲೇ ಕೆಳಗಿಳಿದು ರಿಷಭಕ್ಕೆ ಬಂದು ನಿಂತರು. ಅಕ್ಕಿಯ ಪ್ರಶ್ನೆಗೆ ತಬಲಾ ಬಂತು. ಆ ಅಕ್ಕಿ 'ಇಷ್ಟು' ಎಂದು ಸೂಚಿಸುವ ಪುಟ್ಟ ಪದವನ್ನು ಅವರು ಎರಡು ಸಲ ಹೇಳಿದರು, ಅಂಗೈಯಲ್ಲಿ ಹಿಡಿದು ತೂಗುವಂತೆ. ತೀರ್ಪಿನಲ್ಲಿ ತಬಲಾ ನಿಂತಿತು. ಕೊನೆಯ ಅಕಾರ ಎಳೆಯದೆ, ಬಳುಕದೆ, ನೆಟ್ಟಗೆ ಬಿದ್ದಿತು.

ಇನ್ನುಳಿದದ್ದು ಅಂಕಿತ. ಹಳೆಯ ಹನ್ನೊಂದು ವಚನಗಳಲ್ಲಿಯೂ ತಾಯಿ ಅಂಕಿತವನ್ನು ಮೇಲಕ್ಕೇರಿಸಿ, ಮೂರು ನಾಲ್ಕು ಬಗೆಯಾಗಿ ಪಲುಕಿಸಿ ಮುಗಿಸುತ್ತಿದ್ದರು. ಜನ ಕಾಯುತ್ತಿದ್ದುದೂ ಅದಕ್ಕಾಗಿಯೇ. ಈ ವಚನದಲ್ಲಿ ಏರಿದ ದಾರಿಯಿಂದ ಇಳಿಯಲೇಬೇಕು. ಲಿಂಗದ ಹೆಸರಿನಾಚೆಗೆ ಗಂಡನ ಹೆಸರಿದೆ. ನಮ್ಮ ಕಡೆ ಹಿಂದಿನ ಹೆಣ್ಣುಮಕ್ಕಳು ಗಂಡನ ಹೆಸರನ್ನು ಬಾಯಿಂದ ಆಡುವುದಿಲ್ಲ. ಒಡಪಿನಲ್ಲಿ ಹೇಳಿಸಿದರೆ ಮಾತ್ರ ಉಂಟು. ಈ ತಾಯಿಯೂ ಹಾಗೆಯೇ ಬಾಳಿದವರು. ಲಕ್ಕಮ್ಮನಾದರೋ ಹನ್ನೆರಡನೆಯ ಶತಮಾನದಲ್ಲಿಯೇ ತನ್ನ ಅಂಕಿತದೊಳಗೆ ಪತಿಯ ಹೆಸರನ್ನಿಟ್ಟುಕೊಂಡು, ಅದೇ ಹೆಸರಿನಿಂದ ಅವನನ್ನು ಕರೆದು ತಿದ್ದಿದವಳು. ಆ ಕರೆಯಲ್ಲಿ ಸಿಟ್ಟಿಲ್ಲ. ರೋಷ ಶರಣರದಲ್ಲವೆಂದು ವಚನದ ಮೊದಲಿನಲ್ಲಿ ಹೇಳಿದವಳು ಕೊನೆಯಲ್ಲಿ ರೋಷದಿಂದ ಕರೆಯಲಾರಳು. ದೂರವಾದವನನ್ನು ಹತ್ತಿರ ಬರಮಾಡುವ ಕರೆ ಅದು. ತಾಯಿ ಆ ಹೆಸರನ್ನು ಮಧ್ಯಸಪ್ತಕದ ಷಡ್ಜದಲ್ಲಿ, ಮನೆಯೊಳಗಿಂದ ಅಂಗಳದಲ್ಲಿರುವವರನ್ನು ಕೂಗುವಷ್ಟೇ ದನಿಯಲ್ಲಿ ಕರೆದು ನಿಲ್ಲಿಸಿದರು. ಹಿಂದೆ ತಂಬೂರಿ ಮಾತ್ರ ನುಡಿಯುತ್ತಿತ್ತು.

ಸಭೆಯಲ್ಲಿ ಚಪ್ಪಾಳೆ ಎಂದಿನಷ್ಟು ಬೀಳಲಿಲ್ಲ. ದನಿ ಮೊದಲಿನಂತಿಲ್ಲವೆಂದು ಕೆಲವರು ಆಡಿಕೊಂಡದ್ದೂ ಉಂಟು. ಪೂಜ್ಯರು ಮಾತ್ರ ಪ್ರವಚನವನ್ನು ತಕ್ಷಣ ಆರಂಭಿಸದೆ ಕಣ್ಣುಮುಚ್ಚಿ ಒಂದಿಷ್ಟು ಹೊತ್ತು ಕುಳಿತಿದ್ದರು. ಬಳಿಕ, "ಲಕ್ಕಮ್ಮ ಹೇಳಬೇಕಾದ್ದು ಹೇಳಿ ಆತು. ಇನ್ನ ನಾವು ಹೇಳೂದು ಸ್ವಲ್ಪ ಐತಿ" ಎಂದು ಮಾತು ತೊಡಗಿ, ಅಂದಿನ ಪ್ರವಚನವನ್ನು ಎಂದಿಗಿಂತ ಬೇಗ ಮುಗಿಸಿದರು. ದಾಸೋಹದ ಪಂಕ್ತಿಯಲ್ಲಿ ಮುದುಕಿಯೊಬ್ಬಳು ತಾಯಿಯ ಕೈ ಹಿಡಿದು, "ಇವತ್ತ ನೀ ಏನ ಅಂದಿ ಅನ್ನೂದು ನನಗ ಪೂರಾ ತಿಳೀತವ್ವ" ಎಂದಳು. ಮೂವತ್ತು ವರ್ಷಗಳಲ್ಲಿ ಹಾಡು ಚೆನ್ನಾಗಿತ್ತೆಂದು ಹೇಳಿದವರು ಬಹಳ ಮಂದಿ ಇದ್ದರು. ಮಾತು ತಿಳಿಯಿತೆಂದು ಹೇಳಿದವಳು ಅವಳೊಬ್ಬಳೇ.

ಹೊಸ ಹಾಡು ಕಲಿಯುವುದೆಂದರೆ ಇರುವುದಕ್ಕೆ ಒಂದನ್ನು ಕೂಡಿಸಿಕೊಳ್ಳುವುದೆಂದು ನಾವು ಭಾವಿಸುತ್ತೇವೆ. ಹನ್ನೊಂದಕ್ಕೆ ಒಂದು ಕೂಡಿದರೆ ಹನ್ನೆರಡು. ಈ ತಾಯಿಯ ಲೆಕ್ಕ ಹಾಗೆ ಆಗಲಿಲ್ಲ. ಒಗ್ಗಿದ ರಾಗ, ಹಿಡಿದ ಶ್ರುತಿ, ತುಂಬಿದ ತಾಳ, ಮುಚ್ಚಿದ ಮುರ್ಕಿ, ಕಾಯುವ ಪೇಟಿ, ಒಂದೊಂದನ್ನೇ ಎಲ್ಲಿಂದ ತಂದಿದ್ದರೋ ಅಲ್ಲಿಯೇ ಸುರಿದು ಬಂದ ಮೇಲೆ ಉಳಿದದ್ದು ಆ ಹಾಡು. ಅಕ್ಕಿಯನ್ನು ಮರಳಿಸಿದ ಮೇಲೆಯೂ ಮಾರಯ್ಯನ ಮನೆಯಲ್ಲಿ ಅಂದಿನ ದಾಸೋಹ ನಿಲ್ಲಲಿಲ್ಲವೆಂಬುದನ್ನು ನೆನೆಯಬೇಕು. ಇದ್ದಷ್ಟು ಅಕ್ಕಿಯಲ್ಲಿಯೇ ಅದು ನಡೆಯಿತು.

ಈಗ ತಾಯಿ ಹಳೆಯ ಹನ್ನೊಂದು ವಚನಗಳನ್ನೂ ಮತ್ತೆ ಮೊದಲಿನಿಂದ ಕಲಿಯುತ್ತಿದ್ದಾರೆ: ಮೊದಲು ನುಡಿ, ಆಮೇಲೆ ಸ್ವರ. ಗುರು ಕೊಟ್ಟದ್ದನ್ನು ಕೆಡದಂತೆ ಇಟ್ಟುಕೊಂಡೆನೆಂದು ತಿಳಿದಿದ್ದವರಿಗೆ, ಗುರು ಕೊಟ್ಟದ್ದರ ಮೇಲೆ ತಾವು ಹೇರಿದ್ದೆಷ್ಟೆಂದು ಕಾಣತೊಡಗಿದೆ. ಕೆಲವು ವಚನಗಳಿಗೆ ಪೇಟಿ ಮರಳಿ ಬಂದಿದೆ, ದನಿಯ ಹಿಂದೆ ದನಿಯಷ್ಟೇ ಮೆಲ್ಲಗೆ. ಲಕ್ಕಮ್ಮನ ವಚನಕ್ಕೆ ಮಾತ್ರ ತಂಬೂರಿಯೇ. ಪ್ರತಿ ಸಲವೂ ಅದನ್ನು ಶ್ರುತಿ ಮಾಡಲು ಪತಿಗೆ ಅರ್ಧ ತಾಸು ಬೇಕಾಗುತ್ತದೆ. ಪ್ರತಿ ಸಲವೂ ತಾಯಿ ಕಾದು ಕುಳಿತಿರುತ್ತಾರೆ.